ಅಪ್‌ಡೇಟ್: ಕೊನೆಗೂ ಫಿಕ್ಸೆಡ್ ಬ್ರಿಡ್ಜ್ ಗಿಟಾರನ್ನೇ ತೆಗೆದುಕೊಂಡೆ

ಮಾಡರ್ನ್ ರಾಕ್ ನುಡಿಸಲು ಫಿಕ್ಸೆಡ್ ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿಗಳು ಕೂರುವ, ಅಲ್ಲಾಡದ ಭಾಗ) ಸಾಕಾ, ಫ್ಲಾಯ್ಡ್ ರೋಸ್ (ಸ್ಪ್ರಿಂಗ್ ಎಳೆತದಲ್ಲಿ ನಿಲ್ಲುವ ಫ್ಲೋಟಿಂಗ್ ಬ್ರಿಡ್ಜ್) ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ತೀರ್ಮಾನವಾಗಿದ್ದು ಡ್ರಾಪ್ ಡಿ ಟ್ಯೂನಿಂಗ್‌ನಿಂದ, ಅಂದರೆ ದಪ್ಪನೆಯ ಆರನೇ ತಂತಿಯನ್ನು ಮಾತ್ರ ಡಿ ಸ್ವರಕ್ಕೆ ಇಳಿಸುವುದರಿಂದ. ಸರಸ್ವತಿಪುರಂನಲ್ಲಿ ನಾವು ಪ್ರಾಕ್ಟೀಸ್ ಮಾಡುವಾಗ ಅರ್ಧ ಹಾಡು ಸ್ಟ್ಯಾಂಡರ್ಡ್, ಇನ್ನರ್ಧ ಡ್ರಾಪ್ ಡಿ. ಅಂಗಡಿಯಲ್ಲಿ ಎರಡೂ ಗಿಟಾರ್ ಹಿಡಿದು ನೋಡಿದೆ. ಫ್ಲೋಟಿಂಗ್ ಬ್ರಿಡ್ಜ್ ತಕ್ಕಡಿ ಇದ್ದ ಹಾಗೆ. ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿದರೆ ತಂತಿಗಳ ಎಳೆತ ಕಡಿಮೆಯಾಗುತ್ತದೆ, ಸ್ಪ್ರಿಂಗ್ ಬ್ರಿಡ್ಜನ್ನು ಹಿಂದಕ್ಕೆ ಎಳೆಯುತ್ತದೆ, ಉಳಿದ ಐದೂ ತಂತಿ ಶಾರ್ಪ್ (ಸ್ವರ ಮೇಲಕ್ಕೆ)! ಮೇಲಿಂದ ನಟ್ ಲಾಕ್ (ಕತ್ತಿನ ತುದಿಯಲ್ಲಿ ತಂತಿ ಬಿಗಿಹಿಡಿಯುವ ಕ್ಲಾಂಪ್) ಬಿಚ್ಚಲು ಅಲೆನ್ ಕೀ ಬೇರೆ ಹುಡುಕಬೇಕು. ಫಿಕ್ಸೆಡ್‌ನಲ್ಲಿ ಒಂದು ಟ್ಯೂನರ್ ತಿರುಗಿಸಿದರೆ ಮುಗಿಯಿತು. ಪಾಮ್ ಮ್ಯೂಟ್ ಮಾಡುವಾಗ (ಕೈಯಿಂದ ತಂತಿಯ ಸದ್ದು ಅದುಮುವಾಗ) ಅಂಗೈ ಗಟ್ಟಿಯಾಗಿ ಊರಿದರೂ ಬ್ರಿಡ್ಜ್ ಅಲ್ಲಾಡುವುದಿಲ್ಲ.

ಸ್ಕೇಲ್ (ತಂತಿಯ ಮಿಡಿಯುವ ಭಾಗದ ಉದ್ದ) 25.5 ಇಂಚು. 10-52 ತಂತಿ (ತೆಳುವಾದದ್ದು 0.010, ದಪ್ಪದ್ದು 0.052 ಇಂಚು) ಹಾಕಿದ್ದೇನೆ, ಡಿಗೆ ಇಳಿಸಿದರೂ ಸಡಿಲ ಅನಿಸುವುದಿಲ್ಲ. ದಪ್ಪ ತಂತಿ ಹಾಕಿದ ಮೇಲೆ 12ನೇ ಫ್ರೆಟ್‌ನಲ್ಲಿ ಸ್ವರ ಸ್ವಲ್ಪ ಮೇಲಿತ್ತು. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕು) ಸ್ಕ್ರೂ ತಿರುಗಿಸಿ ಹಿಂದೆ ಸರಿಸಿದೆ, ಸರಿಹೋಯಿತು.

ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಎರಡೂ ಹಂಬಕರ್, ಅಂದರೆ ಜೋಡಿ ಕಾಯಿಲ್‌ನವು. ಆಂಪ್‌ನಲ್ಲಿ ಗೇನ್ (ಸಿಗ್ನಲ್ ಹೆಚ್ಚಿಸುವುದು) ಜಾಸ್ತಿ ಇಟ್ಟರೂ ಗುಂಯ್ ಸದ್ದು ಕಡಿಮೆ. ಕಾಯಿಲ್ ಸ್ಪ್ಲಿಟ್ (ಒಂದೇ ಕಾಯಿಲ್ ಬಳಸುವ ಸ್ವಿಚ್) ಒತ್ತಿದ ತಕ್ಷಣ ಮಾತ್ರ ಆ ಸದ್ದು ಹಾಜರ್! ಆದರೆ ಕ್ಲೀನ್ ಟೋನ್ ಚೆನ್ನಾಗಿದೆ, ಸಹಿಸಿಕೊಳ್ಳುತ್ತೇನೆ.

ವ್ಯಾಮಿ ಬಾರ್ (ಬ್ರಿಡ್ಜ್ ಅಲ್ಲಾಡಿಸಿ ಸ್ವರ ಏರಿಳಿಸುವ ಕಡ್ಡಿ) ಇಲ್ಲ ಅಂತ ನಮ್ಮ ಸೋಲೋ ಗಿಟಾರಿಸ್ಟ್‌ಗೆ ಬೇಜಾರು. ನಾನು ರಿದಮ್ ಗಿರಾಕಿ, ನನಗೇನು? ಮೈಸೂರಿನವರು ಯಾರಿಗಾದರೂ ನುಡಿಸಿ ನೋಡಬೇಕು ಅನಿಸಿದರೆ ಹೇಳಿ.