ಪದಚರ್ಚೆ: ಅಕ್ವಿಫರ್‌ಗೆ 'ಜಲಧರ' ಬಿಟ್ಟು ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಕೂತು ವಿಜಯಪುರದ ಕಡೆಯ ರೈತರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ನೆಲದೊಳಗಿನ ಕಲ್ಲಿನ ಪದರಗಳನ್ನು ಉದ್ದ, ಅಗಲ, ಆಳ ಮೂರರಲ್ಲೂ ತೋರಿಸುವ ನಕ್ಷೆಯ ಬಗ್ಗೆ. ಎಲ್ಲಿ ಬೋರು ಬೇಡ, ಎಲ್ಲಿ ಇಂಗುಗುಂಡಿ ತೆಗೆದರೆ ಉಪಯೋಗ ಅಂತ ಊರವರು ಅದನ್ನು ನೋಡಿ ಮಾತಾಡಬೇಕು. ತೊಡಕು ಬಂದಿರುವುದು 'ಅಕ್ವಿಫರ್' ಹತ್ತಿರ, ಅಂದರೆ ಸಂದಿಗಳಲ್ಲಿ ನೀರು ಹಿಡಿದಿಟ್ಟುಕೊಂಡು ಬಾವಿ, ಬೋರಿಗೆ ಕೊಡುವ ಕಲ್ಲಿನ ಪದರ.

ಬರಹಗಳಲ್ಲಿ 'ಜಲಧರ' ಕಾಣುತ್ತದೆ. ಆದರೆ ಹಳೆಯ ಕಾವ್ಯ ಓದಿದವರಿಗೆ ಜಲಧರ ಅಂದರೆ ಮೋಡ! ಓದದವರಿಗೆ ಏನೂ ಅಲ್ಲ. 'ಸೆಲೆ' ಚೆಂದದ ಪದ, ಆದರೆ ಅದು ನೀರು ಜಿನುಗುವ ಜಾಗ. ತೆಂಗಿನಕಾಯಿ ಹಿಡಿದು ನೀರು ನೋಡುವವರ ಬಾಯಲ್ಲಂತೂ ನೆಲದಡಿ ಹರಿಯುವ ಹೊಳೆಯೇ ಆಗಿಬಿಡುತ್ತದೆ. 'ಅಂತರ್ಜಲ ಮಟ್ಟ' ಅಂದರೆ ಕೆಳಗೆಲ್ಲ ಒಂದೇ ನೀರು ಅನ್ನಿಸುತ್ತದೆ. ನಮ್ಮ ಕಡೆ ಹಾಗಿಲ್ಲ.

ಪುಣೆಯದೂ ವಿಜಯಪುರದ್ದೂ ಒಂದೇ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಮೇಲಿಂದ ಮೇಲೆ ಹರಿದು ಹೆಪ್ಪುಗಟ್ಟಿದ್ದು. ಸಾಮಾನ್ಯವಾಗಿ ಒಂದೊಂದು ಹರಿವಿನ ತಳ ಗಟ್ಟಿ, ತಲೆ ಗುಳ್ಳೆಗುಳ್ಳೆ. ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ತೆಳು ಪದರ, ಅದು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ (ಸವೆದು ಪುಡಿಯಾದ ಕಲ್ಲು), ಬಿರುಕುಗಳಲ್ಲಿ, ಸವೆದ ಗುಳ್ಳೆಕಲ್ಲಿನಲ್ಲಿ. ಗುಳ್ಳೆಗಳಲ್ಲಿ ಹರಳು ತುಂಬಿಕೊಂಡಿದ್ದರೆ ನೀರಿಗೆ ಜಾಗವೇ ಇರುವುದಿಲ್ಲ. (ಇಲ್ಲಿನ ವಾಘೋಲಿ ಕ್ವಾರಿಗಳಿಗೆ ಹೆಸರು ತಂದ ಕಾವನ್‌ಸೈಟ್ ಎಂಬ ನೀಲಿ ಹರಳು ಸಿಕ್ಕಿದ್ದು ಕಲ್ಲಿನ ಪೊಳ್ಳುಗಳಲ್ಲೇ.) ಹಾಗಾಗಿ ಒಂದೇ ಹೊಲದ ಕೆಳಗೆ ಎರಡು ಮೂರು ನೀರು ಇರಬಹುದು. ತೆರೆದ ಬಾವಿಯದು ಒಂದು, ಆಳದ ಬೋರಿನದು ಇನ್ನೊಂದು. ಬೋರಿನ ಮೇಲ್ಭಾಗದ ಕೊಳವೆ (ಕೇಸಿಂಗ್) ಸರಿಯಾಗಿ ಇಳಿಸದಿದ್ದರೆ ಮೇಲಿನ ನೀರು ಬೋರಿನ ತೂತಿನಲ್ಲೇ ಕೆಳಗೆ ಸೋರಿ, ಪಕ್ಕದವರ ಬಾವಿ ಬತ್ತಬಹುದು. ಜಗಳ ಶುರುವಾಗುವುದೂ ಅಲ್ಲೇ. ಬಾವಿಯ ಗೋಡೆ, ಹಳ್ಳದ ದಂಡೆ, ಬೋರು ಕೊರೆಯುವಾಗ ಯಾವ ಆಳದಲ್ಲಿ ಎಂಥ ಪುಡಿ ಬಂತು ಎಂಬ ಲೆಕ್ಕ, ಇವನ್ನೆಲ್ಲ ಜೋಡಿಸಿ ನಕ್ಷೆ ಮಾಡುವುದು ಇದಕ್ಕೇ.

ನನ್ನ ಒಲವು 'ನೀರುಪದರ'ದ ಕಡೆಗೆ. ಮೇಲಿನ ನೀರುಪದರ, ಕೆಳಗಿನ ನೀರುಪದರ ಅಂತ ಸಲೀಸಾಗಿ ಹೇಳಬಹುದು. ಒಂದೇ ಅಳುಕು: ಪದರದ ತುಂಬ ನೀರೇ ಇದೆ ಅಂದುಕೊಂಡಾರು. ನಿಜದಲ್ಲಿ ಅದು ಕಲ್ಲು, ನೀರಿರುವುದು ಸಂದಿಯಲ್ಲಷ್ಟೇ. 'ನೀರ್ಗಲ್ಲು' ಅನ್ನೋಣವೆಂದರೆ ಅದನ್ನು ಮಂಜುಗಡ್ಡೆಗೆ ಬಳಸುವವರಿದ್ದಾರೆ. 'ನೀರು ಹಿಡಿಯುವ ಕಲ್ಲು' ಅಂದರೆ ಅರ್ಥ ಸರಿ, ಆದರೆ ನಕ್ಷೆಯ ಮೇಲೆ ಬರೆಯಲು ಉದ್ದವಾಯಿತು, ಅಲ್ವಾ?

ಇನ್ನೊಂದು. ಗರಸಿಗೆ ಇಲ್ಲಿ ಮರಾಠಿಯಲ್ಲಿ 'ಮುರುಮ್' ಅನ್ನುತ್ತಾರೆ, ಗುಳ್ಳೆಕಲ್ಲಿಗೆ 'ಮಾಂಜರ್ಯಾ'. 'ಗುಳ್ಳೆಕಲ್ಲು' ನಾನು ಸುಮ್ನೆ ಕಟ್ಟಿಕೊಂಡ ಪದ. ವಿಜಯಪುರ, ಕಲಬುರಗಿ, ಬೀದರ ಕಡೆ ಬಾವಿ ತೋಡುವವರು ಆ ಕಲ್ಲಿಗೆ ಏನನ್ನುತ್ತಾರೆ? ಆ ಕೆಲಸ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ತಿಳಿಸಿ. ಊರಿನ ಹೆಸರೂ ಹಾಕಿ, ಮಾತು ತಾಲ್ಲೂಕಿಗೊಂದು ಥರ ಇರುತ್ತದೆ.