ವಿದ್ಯುತ್ ನೀತಿಯಲ್ಲಿ ರಾಜ್ಯ ಸರ್ಕಾರದ ಪಾತ್ರವೆಷ್ಟು?

ಪ್ರಶ್ನೆ: ಸೌರವಿದ್ಯುತ್ತಿನ ಗುರಿಗಳನ್ನು ಕೇಂದ್ರವೇ ಘೋಷಿಸುವಾಗ, ರಾಜ್ಯ ಸರ್ಕಾರಕ್ಕೆ ನಿಜವಾಗಿ ಏನು ಉಳಿಯುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬಹಳಷ್ಟು ಉಳಿಯುತ್ತದೆ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ; ಅಂದರೆ ಕೇಂದ್ರ, ರಾಜ್ಯ ಎರಡೂ ಅದರ ಬಗ್ಗೆ ಕಾನೂನು ಮಾಡಬಹುದು. ಭೂಮಿಯಂತೂ ರಾಜ್ಯದ್ದೇ ವಿಷಯ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ಕೊಳ್ಳದೆ, ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆದು, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ರೂಪಿಸಿದ್ದು ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳ ಜಂಟಿ ಕಂಪನಿ. ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ಆ ಸೀಮೆಯಲ್ಲಿ ಜಮೀನಿನ ಒಡೆತನ ರೈತರಲ್ಲೇ ಉಳಿದದ್ದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ.

ಉತ್ತರ 2: ಒಪ್ಪುತ್ತೇನೆ. ಆದರೆ ಗುತ್ತಿಗೆಯ ಹಣ ಸೇರುವುದು ಜಮೀನಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರನ್ನು ಮುಂದಿನ ನೀತಿ ಮರೆಯಬಾರದು.

ಉತ್ತರ 3: 2003ರ ವಿದ್ಯುತ್ ಕಾಯ್ದೆಯ 86ನೇ ಸೆಕ್ಷನ್ ಅನ್ನೂ ಓದಿ. ವಿತರಣಾ ಕಂಪನಿಗಳು ನವೀಕರಿಸಬಹುದಾದ ಮೂಲಗಳಿಂದ ಎಷ್ಟು ಪಾಲು ವಿದ್ಯುತ್ ಕೊಳ್ಳಬೇಕೆಂದು ನಿಗದಿಪಡಿಸುವ ಹೊಣೆಯನ್ನು ಅದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ವಹಿಸಿದೆ.