ಸಹಾಯ ಬೇಕು: ಹಳೆಯ ಎಂಜಿಬಿ ಕಾರಿನ ಮುಂಭಾಗದ ಸಸ್ಪೆನ್ಷನ್

ಮಾನ್ಯರೇ, ಉಡುಪಿಯ ನಮ್ಮ ಮನೆಯಲ್ಲಿ ಅಜ್ಜನವರು ಬಿಟ್ಟುಹೋದ 1967ರ ಎಂಜಿಬಿ ರೋಡ್‌ಸ್ಟರ್ (ತೆರೆದ ಮೇಲ್ಭಾಗದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗ ಅದರ ಮುಂಭಾಗ ತಗ್ಗಿ ಬಹಳ ಹೊತ್ತು ತೂಗಾಡುತ್ತದೆ. ಬಲಗಡೆಯ ಲಿವರ್ ಆರ್ಮ್ ಡ್ಯಾಂಪರಿನಿಂದ (ಸ್ಪ್ರಿಂಗಿನ ತೂಗಾಟವನ್ನು ತಗ್ಗಿಸುವ, ತೋಳುಗಳುಳ್ಳ ಹಳೆಯ ಬಗೆಯ ಶಾಕ್ ಅಬ್ಸಾರ್ಬರ್) ಎಣ್ಣೆಯೂ ಜಿನುಗುತ್ತಿದೆ. ಈ ಕಾರಿನಲ್ಲಿ ಡ್ಯಾಂಪರಿನ ತೋಳುಗಳೇ ಮೇಲಿನ ವಿಶ್‌ಬೋನ್ (ಚಕ್ರದ ಜೋಡಣೆಯನ್ನು ಹಿಡಿದಿಡುವ ತೋಳು) ಆಗಿರುವುದರಿಂದ, ಅದನ್ನು ಕಳಚಿ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಮೇಲಿನ ತೋಳಿಗೂ ಬೇರೆ ವ್ಯವಸ್ಥೆ ಬೇಕಾಗುತ್ತದೆ. ಗಟ್ಟಿಯಾದ ಸ್ಪ್ರಿಂಗ್ ಮಾತ್ರ ಹಾಕಿಸುವಂತೆ ಮೆಕ್ಯಾನಿಕ್ ಒಬ್ಬರು ಸೂಚಿಸಿದರು. ಡ್ಯಾಂಪರ್ ಸೋತಿರುವಾಗ ಅದರಿಂದ ಕುಪ್ಪಳಿಕೆ ಹೆಚ್ಚುತ್ತದೆಂಬುದು ನನ್ನ ಅಭಿಪ್ರಾಯ. ಮೂಲ ಡ್ಯಾಂಪರನ್ನೇ ದುರಸ್ತಿಗೊಳಿಸಿ, ದಪ್ಪನೆಯ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ಸರಳು) ಅಳವಡಿಸುವುದು ಲೇಸೇ, ಅಥವಾ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರಿಗೆ ಪೂರ್ಣ ಪರಿವರ್ತನೆಯೇ ಸೂಕ್ತವೇ? ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಡ್ಯಾಂಪರಿನ ಸೀಲು ಬದಲಿಸಬಲ್ಲವರು ಮತ್ತು ಕಿಂಗ್ ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾಗುವ ಗೂಟ) ಬುಶ್‌ಗಳ ರಂಧ್ರವನ್ನು ಅಳತೆಗೆ ಸರಿಯಾಗಿ ರೀಮರ್‌ನಿಂದ ಕೊರೆದು ಕೊಡುವ ಲೇತ್ ಅಂಗಡಿ ಇದ್ದರೆ ದಯವಿಟ್ಟು ತಿಳಿಸಿ.